ಅಳತೆಗೆ ಇಟ್ಟ ಬೆರಳು

"ಎಲ್ಲಿ, ಆಯಮ್ಮನ ಮೊಕ ತೋರ್ಸು" ಎನ್ನುತ್ತಾ ಮುನಿಕೆಂಪಮ್ಮ ತಟ್ಟೆ ಹಿಡಿದುಕೊಂಡು ಸೊಸೆಯ ಮುಂದೆ ಬಂದು ನಿಂತರು. ತಟ್ಟೆಯಲ್ಲಿ ರವಿಕೆ ಕಣ, ಹಸಿರು ಬಳೆ, ಬಾಳೆಹಣ್ಣು, ವೀಳ್ಯದೆಲೆ, ಅಡಿಕೆ, ಕುಂಕುಮದ ಬಟ್ಟಲು ಇದ್ದವು. ಎಲೆ ಬೆಳಿಗ್ಗೆಯೇ ಯಲಹಂಕದ ಪೇಟೆಯಿಂದ ತಂದದ್ದು, ಆಗಲೇ ಅಂಚು ಬಾಡಲು ಶುರುವಾಗಿತ್ತು.

ಪದ್ಮಶ್ರೀ ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. ಅವಳು ಕಲ್ಲುಹೂವಿನ ಬಗ್ಗೆ ಸಂಶೋಧನೆ ಮಾಡುವ ವಿಜ್ಞಾನಿ. ಐಸ್‌ಲ್ಯಾಂಡಿನಿಂದ ಅಲ್ಲಾಳಸಂದ್ರದ ಮನೆಗೆ ನಿನ್ನೆ ತಾನೇ ಬಂದಿದ್ದಳು. ಆ ದೇಶದಲ್ಲಿ ಗುಡ್ಡದ ಮೇಲೆ ಮಂಜು ಕವಿದು ದಾರಿ ತಪ್ಪಿ, ಜಾರಿ ಬಿದ್ದು ಕಾಲು ಉಳುಕಿತ್ತು. ಕುರಿ ಸಾಕುವ ಮುದುಕಿಯೊಬ್ಬಳು ಹೆಗಲು ಕೊಟ್ಟು ಮನೆಗೆ ಕರೆದೊಯ್ದು, ಬಿಸಿ ಸಾರು ಕುಡಿಸಿ, ಕಂಬಳಿ ಹೊದಿಸಿ ಮಲಗಿಸಿದ್ದಳು. ಫೋನಿನಲ್ಲಿ ಇದನ್ನು ಕೇಳಿದ ದಿನವೇ ಮುನಿಕೆಂಪಮ್ಮ ಹರಸಿಕೊಂಡಿದ್ದರು. ಹುಡುಗಿ ಮನೆ ಸೇರಲಿ, ಕಾಪಾಡಿದವಳಿಗೆ ನನ್ನ ಕೈಯಾರೆ ತಾಂಬೂಲ ಕೊಡುತ್ತೇನೆ, ಅಲ್ಲಿವರೆಗೆ ನಾನು ಎಲೆಅಡಿಕೆ ಬಾಯಿಗೆ ಹಾಕುವುದಿಲ್ಲ ಎಂದು. ಊಟವನ್ನಾದರೂ ಬಿಟ್ಟಾರು, ಎಲೆಅಡಿಕೆ ಬಿಟ್ಟವರಲ್ಲ.

"ಅವರ ಫೋಟೋ ತೆಗೀಲೇ ಇಲ್ಲ ಅತ್ತೆ."

"ಅದೇನಮ್ಮ ಇಂಗಂತೀಯ? ಅಷ್ಟೊಂದು ಅವೆಯಲ್ಲ ಅದರಾಗೆ!"

"ಅದೆಲ್ಲ ಕಲ್ಲುಹೂವು."

"ಕಲ್ಲುಹೂವು ನನ್ ಮಸಾಲೆ ಡಬ್ಬೀಲೂ ಐತೆ. ಸಾರು ಕುಡ್ಸಿದೋಳ್ದು ಒಂದೂ ಇಲ್ವಾ?"

ಪದ್ಮಶ್ರೀ, "ಪಕ್ಕದ ಮನೆ ಮಾಲಾಗೆ ಕೊಟ್ಬಿಡಿ, ಅವರ ಹೆಸರಲ್ಲಿ" ಎಂದಳು.

"ಒತ್ಕೊಂಡ್ ಬಂದೋಳು ಆಯಮ್ಮ, ಬಳೆ ತೊಡೋಳು ಮಾಲಾನಾ? ಚೆನ್ನಾಗೈತೆ ನಿನ್ ನ್ಯಾಯ! ಸರಿ, ಏನೇನ್ ತಗ್ದಿದೀಯ ಎಲ್ಲಾ ತೋರ್ಸು. ಎಲ್ಲಾದ್ರೂ ಒಂದ್ ಮೂಲೇಲಿ ಸಿಕ್ಕಾಕೊಂಡಿರ್ತಾಳೆ."

ತಟ್ಟೆಯನ್ನು ಮೇಜಿನ ಮೇಲಿಟ್ಟು ಪಕ್ಕದಲ್ಲೇ ಕುಳಿತರು. ಪರದೆಯ ಮೇಲೆ ಕಪ್ಪು ಬಂಡೆಗಳು ಒಂದೊಂದಾಗಿ ಬಂದವು. ಅವುಗಳ ಮೇಲೆ ಸುಣ್ಣ ಎರಚಿದಂತೆ, ಅರಿಶಿನ ಚೆಲ್ಲಿದಂತೆ, ರಾಗಿ ಮುದ್ದೆ ಒಣಗಿ ಹಿಡಿದಂತೆ ಕಲ್ಲುಹೂವು. ಮುನಿಕೆಂಪಮ್ಮನಿಗೆ ಬೇಸರವೇನೂ ಆದಂತೆ ಕಾಣಲಿಲ್ಲ. ಹಳದಿಯದೊಂದು ಬಂದಾಗ ಪದ್ಮಶ್ರೀ, "ಇದು ರೂಪಾಯಿ ಅಗಲ ಆಗೋಕೆ ನಿಮ್ಮಷ್ಟು ವಯಸ್ಸಾಗ್ಬೇಕು ಅತ್ತೆ" ಎಂದಳು.

"ನನ್ ವಯಸ್ಸಾ? ಮೊಕದಾಗೆ ಒಂದ್ ಸುಕ್ಕಿಲ್ಲ ನೋಡು ಅದ್ಕೆ." ಸ್ವಲ್ಪ ಹೊತ್ತಿನ ಮೇಲೆ ಕೇಳಿದರು, "ಎಲ್ಲಾದ್ರ ಪಕ್ಕದಾಗೂ ಒಂದ್ ಪಟ್ಟಿ ಮಡಗಿದೀಯಲ್ಲ, ಯಾಕೆ?"

"ಅಳತೆಗೆ. ಎಷ್ಟು ದೊಡ್ಡದು ಅಂತ ನೋಡಿದೋರಿಗೆ ಗೊತ್ತಾಗ್ಬೇಕಲ್ಲ."

ಕೊನೆಕೊನೆಯಲ್ಲಿ ಒಂದು ಚಿತ್ರವನ್ನು ಪದ್ಮಶ್ರೀ ಬೇಗ ಸರಿಸಿಬಿಟ್ಟಳು.

"ತಡಿ. ಇಂದಕ್ಕೋಗು."

"ಅದು ಬೇಡದ್ದು ಅತ್ತೆ. ಬೆರಳು ಬಿದ್ದಿದೆ."

"ಯಾರ್ದು ಬೆರಳು?"

ಪದ್ಮಶ್ರೀ ಚಿತ್ರವನ್ನು ಹಿಂದಕ್ಕೆ ತಂದು ಇಡೀ ಪರದೆಗೆ ದೊಡ್ಡದು ಮಾಡಿದಳು. ಗುಡ್ಡದಲ್ಲಿ ಬಿದ್ದಾಗ ಅಳತೆ ಪಟ್ಟಿ ಕಳೆದುಹೋಗಿತ್ತು. ಮಾರನೆಯ ದಿನ ಮುದುಕಿಯ ಕುರಿದೊಡ್ಡಿಯ ಗೋಡೆಯ ಮೇಲೆ ಕಲ್ಲುಹೂವು ಕಂಡು, ಕುಂಟುತ್ತಲೇ ಹೋಗಿ ಕ್ಯಾಮೆರಾ ಹಿಡಿದಿದ್ದಳು. ಪಟ್ಟಿಗಾಗಿ ಜೇಬುಗಳನ್ನೆಲ್ಲ ತಡಕುತ್ತಿದ್ದಳು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆದರೂ ಪಕ್ಕದಲ್ಲಿ ನಿಂತು ನೋಡುತ್ತಿದ್ದ ಮುದುಕಿ ಏನೋ ಅರ್ಥವಾದವಳಂತೆ ನಕ್ಕು, ತನ್ನ ಬೆರಳನ್ನೇ ಕಲ್ಲುಹೂವಿನ ಪಕ್ಕಕ್ಕೆ ತಂದಿಟ್ಟಿದ್ದಳು. ದಪ್ಪ ಬೆರಳು, ಊದಿದ ಗೆಣ್ಣು, ತುದಿಯಲ್ಲಿ ಸೀಳು. ಉಗುರಿನ ಸಂದಿಯಲ್ಲಿ ಮಣ್ಣಿತ್ತು, ಉಣ್ಣೆಯ ಒಂದೆಳೆ ಅಂಟಿಕೊಂಡಿತ್ತು.

"ಇದ್ಯಾಕೆ ಬ್ಯಾಡ?" ಎಂದರು ಮುನಿಕೆಂಪಮ್ಮ, ಮೆಲ್ಲಗೆ.

"ಬೆರಳು ಒಬ್ಬೊಬ್ಬರದು ಒಂದೊಂದು ತರ ಇರುತ್ತೆ ಅತ್ತೆ. ಅಳತೆಗೆ ಒಪ್ಪಲ್ಲ."

ಮುನಿಕೆಂಪಮ್ಮ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ತಟ್ಟೆಯನ್ನು ಲ್ಯಾಪ್‌ಟಾಪಿನ ಮುಂದಕ್ಕೆ ಸರಿಸಿ, ಕುಂಕುಮಕ್ಕೆ ಬೆರಳಿಟ್ಟವರು ಅರೆಗಳಿಗೆ ತಡೆದರು. "ಗಂಡ ಅವ್ನಾ ಆಯಮ್ಮಂಗೆ?"

"ಗೊತ್ತಿಲ್ಲ. ಕೇಳ್ಲಿಲ್ಲ."

"ಕೇಳ್ದೇ ಇದ್ದಿದ್ದು ಒಳ್ಳೇದಾಯ್ತು ಬಿಡು" ಎಂದು ಪರದೆಯ ಮೇಲಿನ ಆ ಬೆರಳಿಗೆ ಕುಂಕುಮ ಇಟ್ಟರು. ಪರದೆಗೆ ಧೂಳು ತಾಕಿದರೂ ಸಹಿಸದ ಪದ್ಮಶ್ರೀ ಅವರ ಕೈ ತಡೆಯಲಿಲ್ಲ. "ತಗೋ ತಾಯಿ" ಎಂದು ತಟ್ಟೆಗೆ ಕೈ ಮುಟ್ಟಿಸಿ ಮುಗಿದರು. ಪದ್ಮಶ್ರೀ ಎದ್ದು ಅತ್ತೆಯ ಪಕ್ಕದಲ್ಲಿ ನಿಂತು ತಾನೂ ಕೈ ಮುಗಿದಳು. ಬಳೆಯನ್ನೂ ರವಿಕೆ ಕಣವನ್ನೂ ಒಂದು ಬಟ್ಟೆಯಲ್ಲಿ ಸುತ್ತಿ, ತನ್ನ ಕ್ಯಾಮೆರಾ ಚೀಲದ ಒಳಗೆ ಜೋಪಾನವಾಗಿ ಇಟ್ಟಳು.

ಮುನಿಕೆಂಪಮ್ಮ ಬಾಡಿದ ಎಲೆಗಳಲ್ಲಿ ಒಂದನ್ನು ತೆಗೆದುಕೊಂಡು, ಸೆರಗಿಗೆ ಒರೆಸಿ, ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಚಿ ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಒಂದಿಷ್ಟು ಹೊತ್ತು ಅಗಿದರು. ಆಮೇಲೆ ಕೆಂಪಾದ ಬಾಯಲ್ಲಿ ಹೇಳಿದರು:

"ಮುಂದ್ಲ ಸಲ ಓಗುವಾಗ ಪಟ್ಟಿ ಗಿಟ್ಟಿ ಮನೇಲೇ ಬುಟ್ಟೋಗು, ಪದ್ಮಾ."