ಹಿಡಿಯಿಲ್ಲದ ಭಾರ

ಜಿಮ್ಮಿನ ಮಾಸ್ಟರ್ ಮೊದಲು ಡಂಬೆಲ್ ತೋರಿಸಿದ. ಹೊಸದಾಗಿ ಸೇರಿದ ಹೆಂಗಸು ಅದನ್ನು ಮುಟ್ಟಲೂ ಇಲ್ಲ.

"ಇದಕ್ಕೆ ಹಿಡಿ ಇದೆ. ನನಗೆ ಹಿಡಿ ಇಲ್ಲದ್ದು ಬೇಕು."

"ಹಾಗಾದ್ರೆ ಕೆಟಲ್‌ಬೆಲ್?"

"ಅದಕ್ಕೂ ಕಿವಿ ಇದೆಯಲ್ಲ."

"ಬಾರ್ಬೆಲ್?"

"ಅದು ಕಬ್ಬಿಣದ ಸರಳು, ಸೆಟೆದುಕೊಂಡಿರುತ್ತೆ. ಎತ್ತಿದರೆ ಜೋತು ಬೀಳೋದು ಬೇಕು."

"ಮೇಡಂ, ಇದೇನು ಬದನೆಕಾಯಿ ಅಂಗಡಿಯಾ, ಹಿಚುಕಿ ನೋಡಿ ಆರಿಸೋಕೆ? ಇಲ್ಲಿ ನಾನು ಕೊಟ್ಟಿದ್ದನ್ನು ಎತ್ತಬೇಕು."

"ಒಂದನೇ ತಾರೀಖಿನೊಳಗೆ ನಾನು ಐವತ್ತೆಂಟು ಕೆಜಿ ಎತ್ತಲೇಬೇಕು. ನಿಮಗೆ ಕಲಿಸೋಕೆ ಬರುತ್ತೋ, ಇಲ್ವೋ?"

ಅವನ ಮುಖ ಕೆಂಪಾಯಿತು. ಮೂಲೆಯಲ್ಲಿದ್ದ ಮರಳಿನ ಮೂಟೆಯನ್ನು ದರದರನೆ ಎಳೆದು ತಂದು ಅವಳ ಕಾಲ ಬಳಿ ಕೆಡವಿದ.

"ಬರೀ ಮೂವತ್ತು ಕೆಜಿ. ಎತ್ತಿ, ನೋಡೋಣ."

ಅವಳು ಮಂಡಿಯೂರಿ ಮೂಟೆಯ ಅಡಿಗೆ ಎರಡೂ ತೋಳು ತೂರಿಸಿದಳು. ಮರಳು ಒಂದು ಕಡೆಗೆ ವಾಲಿ ಮೂಟೆ ಜಾರಿತು.

"ಬೆನ್ನು ನೆಟ್ಟಗೆ! ಹೊಟ್ಟೆಗೆ ಅನ್ನ ತಿನ್ನೋದಿಲ್ವಾ? ತೌರಲ್ಲಿ ಇಷ್ಟೇನಾ ಕಲಿಸಿದ್ದು?"

ಕನ್ನಡಿಯ ಮುಂದಿದ್ದವರೆಲ್ಲ ತಿರುಗಿ ನೋಡಿದರು. ಅವಳು ಮತ್ತೆ ಬಗ್ಗಿದಳು. ಈ ಸಲ ಮೂಟೆ ಎದೆಯವರೆಗೆ ಬಂತು. ಅವಳು ಅದನ್ನು ಅವುಚಿಕೊಂಡು ನಿಂತಳು.

ಅವನಿಗೆ ನಾಚಿಕೆಯಾಯಿತು. "ತಪ್ಪಾಯ್ತು ಮೇಡಂ. ಏನೋ ಬಾಯಿಗೆ ಬಂದಿದ್ದು ಅಂದುಬಿಟ್ಟೆ."

"ನಿಲ್ಲಿಸಬೇಡಿ, ಬೈತಾ ಇರಿ," ಎಂದಳು ಮೂಟೆ ಇಳಿಸದೆ. "ಒಂದನೇ ತಾರೀಖಿಗೆ ನರ್ಸ್ ಬಿಟ್ಟು ಹೋಗ್ತಾಳೆ. ಆಮೇಲೆ ನಾನೇ ಹಾಸಿಗೆಯಿಂದ ಎತ್ತುವಾಗ ನಮ್ಮತ್ತೆ ಕೇಳೋದೂ ಇದನ್ನೇ."