ಬರೆಯದೆ ಬಿಟ್ಟ ಪ್ಲೇಟು

ಎನಾಮೆಲ್ ಬಣ್ಣದ ಡಬ್ಬಿ ತೆರೆದರೆ ಈಗಲೂ ತಾಂಡೂರಿನ ಆ ಮಧ್ಯಾಹ್ನವೇ ಮೂಗಿಗೆ ಬಡಿಯುತ್ತದೆ.

ಪ್ರತ್ಯೇಕ ತೆಲಂಗಾಣ ರಾಜ್ಯದ ಹೋರಾಟಕ್ಕೆಂದು ಶಾಲೆ ಮುಚ್ಚಿತ್ತು. ಬಾಡಿಗೆ ಜೀಪು ಓಡಿಸುತ್ತಿದ್ದ ಅಪ್ಪ, "ಎರಡೂ ನಂಬರ್ ಪ್ಲೇಟಿನ್ಯಾಗ ಆಂಧ್ರದ ಎಪಿ ಅಳಿಸಿ ತೆಲಂಗಾಣದ ಟಿಜಿ ಬರಿ. ಇಲ್ಲಾಂದ್ರ ಕಲ್ಲು ಹೊಡೀತಾರ," ಎಂದು ಬ್ರಷ್ಷು ಕೊಟ್ಟಿದ್ದ. ಹಿಂದಿನದೊಂದನ್ನೇ ಬರೆದು, "ಎರಡೂ ಆತು" ಎಂದು ಸುಳ್ಳು ಹೇಳಿ ವಿಡಿಯೋ ಗೇಮ್ ಅಂಗಡಿಗೆ ಓಡಿದೆ.

ಅದು ಕಾರು ಗುದ್ದುವ ಆಟ. ಪಕ್ಕದ ಕಾರುಗಳನ್ನು ನುಚ್ಚುನೂರು ಮಾಡಿದಷ್ಟೂ ಪಾಯಿಂಟು. ಬೆವರಿಗೆ ರಿಮೋಟು ಅಂಗೈಗೆ ಅಂಟುತ್ತಿತ್ತು. ಹಿಂದೆ ನಿಂತ ಹುಡುಗರು, "ಹೊಡಿಯಲೇ, ಛೋಡ್ ಮತ್, ಬಿಡಬ್ಯಾಡ!" ಎಂದು ಕೂಗುತ್ತಿದ್ದರು. ಅಷ್ಟರಲ್ಲಿ ಅಪ್ಪ ಒಳಗೆ ಬಂದ.

"ಜೀಪಿನ ಮುಂದಿನ ಗಾಜು ಒಡದಾರ. ಮುಂದಿನ ಪ್ಲೇಟ್ ಯಾಕ ಬರೀಲಿಲ್ಲ?"

ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಹೊಂಟಾಗ ನೀ ನೋಡಬೇಕಿತ್ತು."

"ನೋಡ್ದೆ. ನನಗ ಅಕ್ಷರ ಬರ್ತಿದ್ರ ನಿನ್ನ ಕೈಯಾಗ ಬ್ರಷ್ ಯಾಕ ಕೊಡ್ತಿದ್ದೆ, ಮಗನಾ?"

ಹಿಂದೆ ಒಬ್ಬ ಕಿಸಕ್ಕನೆ ನಕ್ಕ. ಎದ್ದು ಅವನ ಮೂತಿಗೆ ಗುದ್ದಿದೆ. ಕೆಳಗೆ ಬಿದ್ದ ಮೇಲೂ ಗುದ್ದಿದೆ. ಬಿಡಿಸಲು ಬಗ್ಗಿದ ಅಪ್ಪನ ಕೂದಲಿನಿಂದ ಗಾಜಿನ ಚೂರುಗಳು ನನ್ನ ಅಂಗಿಯ ಮೇಲೆ ಉದುರಿದವು.