ಬಡಿದು ತೆಗೆಯುವ ಕಟ್ಟಿಗೆ

ಒಣಗಿದ ಜಾಲಿ ಕಟ್ಟಿಗೆಯ ಒಗರು ವಾಸನೆ ಬಂದರೆ ಈಗಲೂ ನನ್ನ ಅಂಗೈ ಬೆವರುತ್ತದೆ.

ನಿಜಾಮನ ಕಾಲ. ಊರ ಚಾವಡಿಯ ಮೇಲೆ ತ್ರಿವರ್ಣ ಬಾವುಟ ಕಟ್ಟಿದ್ದ ನಮ್ಮ ಕಾಕಾನನ್ನು ಹಿಡಿಯಲು ಸವಾರರು ಬರುತ್ತಿದ್ದಾರೆಂದು ಸುದ್ದಿ ಬಂತು. ಅಜ್ಜಿ ಅವನನ್ನು ಹಿತ್ತಲ ಮೂಲೆಯಲ್ಲಿ ಕೂರಿಸಿ, ಅವನು ಕಾಣದಂತೆ, ಹೊರಗಿನ ಮಾತು ಒಳಗೆ ಸ್ಪಷ್ಟವಾಗಿ ಕೇಳಿಸದಷ್ಟು ದಪ್ಪವಾಗಿ, ಸುತ್ತಲೂ ಸೀಳಿದ ಕಟ್ಟಿಗೆ ಒಟ್ಟಿದಳು. ಸಿಬಿರು ಚುಚ್ಚಿ ಅವಳ ಬೆರಳಲ್ಲಿ ರಕ್ತ ಬಂದಿತ್ತು.

"ಅವರು ಹೋದಮ್ಯಾಲೆ ಕಟ್ಟಿಗಿ ಬಡೀತೀನಿ, ಆಗ ಹೊರಗ ಬಾ. ಅಲ್ಲೀತನಕ ಕೆಮ್ಮಬ್ಯಾಡ" ಎಂದಳು.

ಆಮೇಲೆ ನನ್ನ ಕಡೆ ತಿರುಗಿದಳು. "ನೀ ಇವತ್ತ ಕಟ್ಟಿಗಿ ಬಡೀಬ್ಯಾಡ, ತಂಗಿ."

ಕಟ್ಟಿಗೆಯಲ್ಲಿ ಚೇಳು ಇರುತ್ತವೆ, ಬಡಿದೇ ತೆಗೆಯಬೇಕು ಎಂದು ನನಗೆ ಕಲಿಸಿದವಳೇ ಅವಳು.

ಮಧ್ಯಾಹ್ನ ಇಬ್ಬರು ಸವಾರರು ಬಂದರು. ಮನೆಯೆಲ್ಲ ಹುಡುಕಿ, ಸಿಗದೆ, ಹಿತ್ತಲ ಕಟ್ಟೆಯ ಮೇಲೆ ಕುಳಿತು ಚಹಾ ಕೇಳಿದರು. ಒಲೆಯಲ್ಲಿ ಕಟ್ಟಿಗೆ ತೀರಿತ್ತು. "ಎರಡು ತುಂಡು ತಾ" ಎಂದಳು ಅಜ್ಜಿ.

ಬಡಿಯದೆ ಕತ್ತಲ ಸಂದಿಯೊಳಗೆ ಕೈ ಹಾಕಿದೆ. ತೊಗಟೆ ತರಿತರಿಯಾಗಿತ್ತು. ಬೆರಳಿನ ಮೇಲೆ ಏನೋ ಹರಿದಂತಾಯಿತು. ಕಣ್ಣು ಮುಚ್ಚಿಕೊಂಡೆ.

"ಏ ಬೇಟಿ!" ಸವಾರರಲ್ಲಿ ಹಿರಿಯವನು ಎದ್ದು ಬಂದ. "ಬಡದು ತಗೀಬೇಕವ್ವ, ಚೇಳ ಇರ್ತಾವು. ನನ್ನ ಮಗಳಿಗೆ ಹಿಂಗ ಕಡದಿತ್ತು."

ನನ್ನ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ತಾನೇ ಲಾಠಿಯಿಂದ ಕಟ್ಟಿಗೆ ಬಡಿದ.

ಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಕೈಯಿಂದ ತಂಬಿಗೆ ಬಿತ್ತು.

ಒಳಗಿಂದ ಒಂದು ತುಂಡು ಪಕ್ಕಕ್ಕೆ ಸರಿಯಿತು. ಕಾಕಾ ಮೆಲ್ಲಗೆ ಕೇಳಿದ: "ಹೋದ್ರೇನ, ಯವ್ವಾ?"